ಸಂಜೆ ಜಗುಲಿಯ ಕೊನೆಯ ದಿನ

ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ಡಿಗ್ರಿ ಮುಗಿಸುವುದು ಆಗದ ಮಾತು ಎಂದವರು ನನ್ನ ದೊಡ್ಡಪ್ಪ. ಟೀ ಅಂಗಡಿಯ ಬೆಂಚಿನ ಮೇಲೆ ಕೂತು, ಕೈಯಲ್ಲಿದ್ದ ಗ್ಲಾಸನ್ನೂ ಕೆಳಗಿಡದೆ ಅಪ್ಪನಿಗೆ ಹೇಳಿದ್ದರು: "ಇವೆಲ್ಲ ನಮ್ಮಂತೋರ ಮನೇಲಿ ನಡೆಯೋದಲ್ಲ ಕಣ್ಲಾ." ಆ ಮಾತು ಮತ್ತೆ ಕಿವಿಗೆ ಬಿದ್ದಂತಾದದ್ದು ಮೊನ್ನೆ, ನಂಜನಗೂಡಿನ ಒಂದು ಗುಜರಿ ಅಂಗಡಿಯ ಮುಂದೆ. ತುಕ್ಕು ಹಿಡಿದ ಮಂಚವೊಂದನ್ನು ಹಾಕಿ ಬರಲು ಹೋಗಿದ್ದೆ. ತಕ್ಕಡಿಯ ಪಕ್ಕದಲ್ಲಿ ಕಂದು ಚರ್ಮದ ಚೀಲ ತೊಟ್ಟ ಒಂದು ರೇಡಿಯೋ ಬಿದ್ದಿತ್ತು. ಎತ್ತಿಕೊಂಡು ಹಿಂದಿನ ಮುಚ್ಚಳ ತೆಗೆದೆ. ಸೋರಿ ಒಣಗಿದ ಸೆಲ್ಲಿನ ಘಾಟು, ಅದರ ಜೊತೆಗೆ ಬೆವರು ಕುಡಿದ ಚರ್ಮದ ವಾಸನೆ... ಎದುರುಮನೆ ಅತ್ತೆ ರೇಡಿಯೋ ಇಡುತ್ತಿದ್ದ ಗೋಡೆಗೂಡಿನ ವಾಸನೆ ಅದು.

ಅತ್ತೆ ಎಂದರೆ ರಕ್ತಸಂಬಂಧವೇನಲ್ಲ. ಅಪ್ಪನನ್ನು ಅವರು ಅಣ್ಣ ಅನ್ನುತ್ತಿದ್ದರು, ಹಾಗಾಗಿ ನನಗೆ ಅತ್ತೆ. ಗಂಡ ಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಿದ್ದರು. ಆದರೆ ಬೀದಿಯಲ್ಲಿ ಅವರಿಗಿದ್ದ ಮರ್ಯಾದೆ ಆ ಕೆಲಸದಿಂದ ಬಂದದ್ದಲ್ಲ. ಗಂಡನಿಲ್ಲದವರೆಂದು ಯಾರೂ ಎಣಿಸುತ್ತಿರಲಿಲ್ಲ; ಯಾರ ಮನೆಯ ಮದುವೆಯಾದರೂ ಸೋಬಾನೆ ಪದದ ಮೊದಲ ಸಾಲನ್ನು ಅವರೇ ಎತ್ತಿಕೊಡಬೇಕಿತ್ತು. ಅವರು ಪದ ಎತ್ತದೆ ನಮ್ಮ ಬೀದಿಯಲ್ಲಿ ಯಾವ ಹುಡುಗಿಯ ಮೈಗೂ ಅರಿಸಿನ ತಾಕುತ್ತಿರಲಿಲ್ಲ. ಉಳಿದ ಹೆಂಗಸರು ಅವರ ಬಾಯಿ ನೋಡಿಕೊಂಡು ಕಾಯುತ್ತಿದ್ದರು.

ಆ ದನಿಯೇ ಅವರನ್ನು ರೇಡಿಯೋಗೆ ಕರೆದುಕೊಂಡು ಹೋಯಿತು. ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ದಾರಿಯಲ್ಲಿ, ಕಬ್ಬಿನ ಗದ್ದೆಗಳ ನಡುವೆ, ಕೆಂಪು ಬಿಳಿ ಪಟ್ಟೆಯ ಗೋಪುರದ ಒಂದು ಮೀಡಿಯಂ ವೇವ್ ಕೇಂದ್ರವಿತ್ತು. ಸಣ್ಣದು. ಒಂದು ಕಡೆ ಹುಲ್ಲಹಳ್ಳಿ, ಇನ್ನೊಂದು ಕಡೆ ಸೋಸಲೆ ದಾಟಿದರೆ ಅದರ ದನಿ ಗೊರಗೊರ ಅನ್ನುತ್ತಿತ್ತು. ಶುರುವಿನಲ್ಲಿ ಅಲ್ಲಿ ಸುದ್ದಿ, ವೀಣೆ, ಕೊಳಲು ಇಷ್ಟೇ ಬರುತ್ತಿದ್ದವಂತೆ. ವೀಣೆ ಶುರುವಾದರೆ ನಮ್ಮ ಕಡೆಯವರು ಸೆಲ್ಲಾದರೂ ಉಳಿಯಲಿ ಎಂದು ಆರಿಸಿಬಿಡುತ್ತಿದ್ದರು. ಆಮೇಲೆ ಗೊಬ್ಬರ, ಬೀಜ, ಕೀಟನಾಶಕದ ಪಾಠ ಬಂತು. ಅದನ್ನು ಓದುತ್ತಿದ್ದವರ ಕನ್ನಡ ಹೊಲದವರೆಗೆ ಇಳಿಯಲೇ ಇಲ್ಲ. ಕೊನೆಗೆ ಅಲ್ಲಿನ ಯಾರೋ ಪುಣ್ಯಾತ್ಮರಿಗೆ 'ಸಂಜೆ ಜಗುಲಿ' ಹೊಳೆಯಿತು. ಪುಟ್ಟತಾಯಮ್ಮ ಎನ್ನುವ ಹೆಂಗಸು ಮತ್ತು ಅವಳ ಅಣ್ಣ ಜಗುಲಿಯಲ್ಲಿ ಕೂತು ಮಾತಾಡಿಕೊಳ್ಳುವುದು. ಆ ಮಾತಿನ ನಡುವೆಯೇ ನಾಲೆಗೆ ನೀರು ಯಾವಾಗ, ರಸಬಾಳೆಗೆ ಪೇಟೆಯಲ್ಲಿ ಏನು ಬೆಲೆ, ಭತ್ತಕ್ಕೆ ಬಿದ್ದ ರೋಗಕ್ಕೆ ಏನು ಮದ್ದು ಎಲ್ಲ ಬಂದುಹೋಗುತ್ತಿತ್ತು. ಆ ದಿನದ ಬೆಲೆಯನ್ನು ಆ ದಿನವೇ ಹೇಳಬೇಕಾದ್ದರಿಂದ ಅದು ನೇರ ಪ್ರಸಾರ; ಉಳಿದ ಮಾತನ್ನೆಲ್ಲ ಅಲ್ಲೇ ಬಾಯಲ್ಲಿ ಕಟ್ಟಿಕೊಂಡು ಆಡುವುದು. ಅಣ್ಣನ ಪಾತ್ರಕ್ಕೆ ನಾಟಕ ಆಡಿ ಪಳಗಿದ ಒಬ್ಬ ಕಲಾವಿದರು. ಪುಟ್ಟತಾಯಮ್ಮ ನಮ್ಮ ಅತ್ತೆ.

ಜನ ಅದನ್ನು ಆಟ ಎಂದು ತಿಳಿಯಲೇ ಇಲ್ಲ. ಪುಟ್ಟತಾಯಮ್ಮನ ಹಸು ಕರು ಹಾಕಿತು ಎಂದು ಹೇಳಿದ ಮಾರನೆಯ ದಿನ ಹುಲ್ಲಹಳ್ಳಿಯ ಒಬ್ಬ ಅಜ್ಜಿ ಗಿಣ್ಣುಹಾಲಿಗೆಂದು ಕ್ಯಾನು ಹಿಡಿದುಕೊಂಡು ಕೇಂದ್ರದ ಗೇಟಿಗೇ ಬಂದಿದ್ದರು. ಕಾವಲುಗಾರ ಹಸು ಇಲ್ಲ ಅಜ್ಜಿ ಎಂದರೆ, "ಮಾರ್ಕಂಡ್ಬುಟ್ರಾ ಇಷ್ಟ್ ಬಿರ್ರನೆ?" ಎಂದು ಕೇಳಿದ್ದರಂತೆ. ಅತ್ತೆ ಇದನ್ನು ಹೇಳಿಕೊಂಡು ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು.

ನಾನು ಪಿಯುಸಿ ಪಾಸಾದ ವರ್ಷ ನಮ್ಮ ಮನೆಯಲ್ಲಿ ನಗು ನಿಂತಿತ್ತು. ಅಪ್ಪ ರೈಸ್ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದರು. ಮನೆಯ ದೊಡ್ಡ ಮಾತುಗಳೆಲ್ಲ ದೊಡ್ಡಪ್ಪನವು, ಅಪ್ಪ ತಲೆಯಾಡಿಸುವವರು. ದೊಡ್ಡಪ್ಪ ಒಂದು ಗಂಡು ಗೊತ್ತು ಮಾಡಿದ್ದರು. ಭಾನುವಾರ ಅರಿಸಿನದ ಶಾಸ್ತ್ರ ಮುಗಿಸಿಬಿಡುವುದು ಎಂದಾಗಿತ್ತು. ತಿ. ನರಸೀಪುರದ ಡಿಗ್ರಿ ಕಾಲೇಜಿಗೆ ಸೇರಲು ಕಡೆಯ ದಿನ ಅದರ ಮಾರನೆಯ ಸೋಮವಾರ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳುವ ಪದ್ಧತಿಯೇ ಇರಲಿಲ್ಲ.

ಆ ವಾರದ ಶುರುವಿನಲ್ಲಿ ನಲ್ಲಿಯ ಹತ್ತಿರ ಅತ್ತೆ ಒಬ್ಬರೇ ಸಿಕ್ಕಿದಾಗ, ನನಗೆ ಓದಬೇಕು ಎಂದೆ. ಅಷ್ಟೇ ಅಂದದ್ದು. ಅವರು ಕೊಡ ತುಂಬಿಸಿಕೊಂಡು, "ನಿಮ್ಮಪ್ಪ ಕೆಟ್ಟೋನಲ್ಲ ಕಣವ್ವ. ಅವನ ಕಿವಿ ಮಾತ್ರ ನಿಮ್ ದೊಡ್ಡಪ್ಪನ ಮನೇಲದೆ," ಎಂದು ಕೊಡವನ್ನು ಸೊಂಟಕ್ಕೇರಿಸಿಕೊಂಡು ಹೋದರು.

ಅಂದು ಸಂಜೆ ರೇಡಿಯೋದಲ್ಲಿ ಪುಟ್ಟತಾಯಮ್ಮ ತನ್ನ ಅಣ್ಣನನ್ನು ಕೇಳಿದಳು: "ಅಲ್ಲ ಕಣಣ್ಣ, ನಿನ್ ಮಗಳು ಪಿಯುಸಿ ಪಾಸ್ ಮಾಡವ್ಳೆ. ಕಾಲೇಜ್‌ಗೆ ಸೇರಿಸೋದ್ ಬುಟ್ಟು ಮದ್ವೆಗೆ ಓಡಾಡ್ತಾ ಇದ್ದೀಯಂತೆ?" ಅವ್ವ ಅಕ್ಕಿ ಆರಿಸುತ್ತಿದ್ದವರು ಮೊರ ಹಿಡಿದ ಹಾಗೇ ಕೂತುಬಿಟ್ಟರು. ಟೀ ಅಂಗಡಿಯಲ್ಲಿ ರೇಡಿಯೋ ಕೇಳುತ್ತಿದ್ದವರೆಲ್ಲ ತಿರುಗಿ ಅಪ್ಪನ ಮುಖ ನೋಡಿದರಂತೆ. ಅಪ್ಪ ಮನೆಗೆ ಬಂದು ಊಟ ಮಾಡದೆ ಮಲಗಿದರು. ಗೋಡೆಯ ಕಡೆ ತಿರುಗಿಕೊಂಡೇ, "ನಮ್ಮನೆ ಇಚಾರವ ಗೋಪುರದ ಮೇಲಕ್ಕೇರಿಸ್ಬುಟ್ಳಲ್ಲ," ಎಂದರು.

ದೊಡ್ಡಪ್ಪ ಬೆಳಿಗ್ಗೆಯೇ ಅತ್ತೆಯ ಬಾಗಿಲಿಗೆ ಹೋದರು. ಬೀದಿಗೆಲ್ಲ ಕೇಳುವಂತೆ, "ಏನಮ್ಮೀ, ನಮ್ ಮನೆ ಎಣ್ ಮಗೀನ ರೇಡಿಯೋದಲ್ಲಿ ಅರಾಜ್ ಆಕ್ತೀಯಾ?" ಎಂದರು.

"ನಿಮ್ಮನೆ ಎಸ್ರು ತೆಗ್ದ್ನಾ ದೊಡ್ಡಣ್ಣ?" ಎಂದರು ಅತ್ತೆ, ಪೊರಕೆ ಕೆಳಗಿಡದೆ. "ಅದು ಪುಟ್ಟತಾಯಮ್ಮನ ಅಣ್ಣನ ಮನೆ ಇಚಾರ. ನಿಮಗ್ಯಾಕೆ ಬೆಳಬೆಳಗ್ಗೇನೆ ಉರಿ?"

"ಊರ್ಗೆಲ್ಲ ಗೊತ್ತದೆ ಯಾರ್ ಮನೇದು ಅಂತ!"

"ಗೊತ್ತಿದ್ರೆ ಊರೇ ಏಳ್ಲಿ ಬುಡಿ, ಸರಿಯೋ ತಪ್ಪೋ ಅಂತ."

ಊರು ಹೇಳಿತು. ಬಸ್ಸಿನ ಕಂಡಕ್ಟರುಗಳ ಕೈಯಲ್ಲಿ, ಅಂಚೆಯಲ್ಲಿ, ಕೇಂದ್ರಕ್ಕೆ ಕಾರ್ಡುಗಳು ಬಂದವು. ತಗಡೂರಿನ ಒಬ್ಬರು ಹುಡುಗಿಯನ್ನು ಓದಿಸಲೇಬೇಕು ಎಂದು ಬರೆದರೆ, ಸೋಸಲೆಯ ಒಬ್ಬರು ಹೆಣ್ಣುಮಕ್ಕಳಿಗೆ ಬಸ್ಸಿನ ಓಡಾಟ ಒಳ್ಳೆಯದಲ್ಲ ಎಂದು ಬರೆದರು. ಇನ್ನೊಬ್ಬರಂತೂ, ಅಷ್ಟು ಓದಿದ ಹುಡುಗಿ ನಮ್ಮ ಹುಡುಗನಿಗೇ ಸರಿ, ಪುಟ್ಟತಾಯಮ್ಮನವರು ದೊಡ್ಡ ಮನಸ್ಸು ಮಾಡಿ ಜಾತಕ ಕೊಡಿಸಬೇಕು ಎಂದಿದ್ದರು. ದಿನಾ ಸಂಜೆ ಪುಟ್ಟತಾಯಮ್ಮ ಅವನ್ನೆಲ್ಲ ಅಣ್ಣನಿಗೆ ಓದಿ ಹೇಳಿದಳು. ದಿನಾ ಸಂಜೆ ಅಪ್ಪ ಆ ಟೀ ಅಂಗಡಿಯಲ್ಲಿ ತಲೆ ತಗ್ಗಿಸಿ ಕೇಳಿದರು. ಎದ್ದು ಬರಬಹುದಿತ್ತು, ಬರಲಿಲ್ಲ. ಅವರ ಮನಸ್ಸಿನಲ್ಲಿ ಏನು ನಡೆಯುತ್ತಿದೆ ಎಂದು ನನಗಾಗಲಿ ಅವ್ವನಿಗಾಗಲಿ ತಿಳಿಯಲಿಲ್ಲ... ನಮ್ಮ ಮೂವರಿಗೂ ಆ ವಾರ ಅನ್ನ ಸೇರಲಿಲ್ಲ.

ಶುಕ್ರವಾರ ಅತ್ತೆ ಬಸ್ಸಿಳಿದು ನೇರ ನಮ್ಮ ಮನೆಗೆ ಬಂದರು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಅವ್ವನಿಗೆ ಹೇಳಿದರು. 'ಸಂಜೆ ಜಗುಲಿ' ನಾಳೆಗೆ ಮುಗಿಯಿತಂತೆ. ಅದರ ಜಾಗಕ್ಕೆ ಫೋನ್ ಮಾಡಿ ಸಿನಿಮಾ ಹಾಡು ಕೇಳುವ ಕಾರ್ಯಕ್ರಮ. ಅಲ್ಲಿನ ಸಾಹೇಬರ ದನಿಯನ್ನೇ ಅತ್ತೆ ಆಡಿ ತೋರಿಸಿದರು: "ನಿಮ್ಮ ಪುಟ್ಟತಾಯಮ್ಮನಿಗೆ ಸೋಪಿನವರು ಜಾಹೀರಾತು ಕೊಡ್ತಾರೇನಮ್ಮಾ? ಕಾಲ ಬದಲಾಗಿದೆ." ಆಮೇಲೆ ಅವರದೇ ದನಿ ಬಂತು. "ಕತೆ ನಾಳೆ ಮುಗೀಬೇಕಂತೆ. ಬರ್ದ್ ಕೊಟ್ಬುಟ್ಟವ್ರೆ. ಮದ್ವೆ ಮಾಡಿ ಮುಗಿಸೋದು. ನಾನ್ ಸೋಬಾನೆ ಎತ್ತೋದು, ಅದರ ಬೆನ್ನಿಗೇ ಸಿನಿಮಾದ ಮದ್ವೆ ಪದ ಆಕಿ ವಸ ಕಾರ್ಯಕ್ರಮ ಶುರು ಮಾಡೋದಂತೆ."

"ನೀನೇನಂದೆ?" ಎಂದರು ಅವ್ವ.

"ನಾನ್ ಏನಾರ ಅನ್ನೋಕೆ ಅಲ್ಲಿ ಪರ್ಮನೆಂಟಾ?" ಎಂದರು ಅತ್ತೆ. ನನ್ನ ಮುಖ ನೋಡಲಿಲ್ಲ.

ಶನಿವಾರ ಸಂಜೆ ನಾನೂ ಅವ್ವನೂ ಅತ್ತೆಯ ಮನೆಯಲ್ಲಿ, ಗೂಡಿನ ರೇಡಿಯೋ ಮುಂದೆ ಕೂತೆವು. ಬೀಗದ ಕೈ ಅವರೇ ಕೊಟ್ಟು ಹೋಗಿದ್ದರು. ತೆರೆದ ಬಾಗಿಲಿನಿಂದ ಬೀದಿಯ ಕೊನೆಯ ಟೀ ಅಂಗಡಿ ಕಾಣುತ್ತಿತ್ತು. ಬೆಂಚಿನ ಮೇಲೆ ದೊಡ್ಡಪ್ಪ, ಪಕ್ಕದಲ್ಲಿ ಅಪ್ಪನ ಬೆನ್ನು. ಅಲ್ಲಿಯ ರೇಡಿಯೋ, ಇಲ್ಲಿಯ ರೇಡಿಯೋ, ಎರಡರಿಂದಲೂ ಅದೇ ದನಿ ಒಟ್ಟಿಗೇ ಬರುತ್ತಿತ್ತು.

ಮಾತು ಬರೆದುಕೊಟ್ಟ ದಾರಿಯಲ್ಲೇ ಹೋಯಿತು. ಬಾಳೆಯ ಬೆಲೆ ಹೇಳಿದರು. ನಾಲೆಯ ನೀರಿನ ಮಾತು ಬಂತು. ಆಮೇಲೆ ಅಣ್ಣನ ಪಾತ್ರದವರು, ಗಂಡಿನ ಕಡೆಯವರು ಒಪ್ಪಿದರು, ಚಪ್ಪರ ಹಾಕಿಸಿದೆ, ಅರಿಸಿನ ಅರೆದಿಟ್ಟಿದೆ ಎಂದರು. ಅವ್ವ ನನ್ನ ಮಣಿಕಟ್ಟು ಹಿಡಿದುಕೊಂಡರು. "ಎಲ್ಲಿ ಪುಟ್ಟತಾಯಿ, ಸೋಬಾನೆ ಎತ್ತವ್ವ," ಎಂದರು ಆ ಕಲಾವಿದರು.

ರೇಡಿಯೋ ಸುಮ್ಮನಾಯಿತು.

ರೇಡಿಯೋದಲ್ಲಿ ಮೌನ ಎಂದರೆ ಏನು ಎಂದು ಅದನ್ನು ಕೇಳಿ ಬೆಳೆದವರಿಗೆ ಗೊತ್ತು. ಟೀ ಅಂಗಡಿಯವನು ಸೆಲ್ಲು ಹೋಯಿತೆಂದು ತನ್ನದರ ಬೆನ್ನಿಗೆ ಎರಡು ಬಾರಿ ತಟ್ಟಿದ. ನಮ್ಮದೂ ಸುಮ್ಮನಿತ್ತು. ದೂರದಲ್ಲಿ ಯಾರೋ ಉಸಿರು ಎಳೆದುಕೊಂಡ ಸದ್ದು.

"ಎತ್ತಕಿಲ್ಲ ಕಣಣ್ಣ," ಎಂದರು ಅತ್ತೆ.

ಆ ಕಲಾವಿದರು ತಡವರಿಸಿದರು. ಕಾಗದ ಸರಿಸಿದ ಸದ್ದು ಕೇಳಿಸಿತು. "ಯಾ... ಯಾಕವ್ವ? ಗಂಟ್ಲು ಕಟ್ಕತಾ?"

"ಗಂಟ್ಲು ಚೆಂದಾಗೇ ಅದೆ. ಒಪ್ದೆ ಇರೋ ಎಣ್ಣಿಗೆ ನಾನ್ ಯಾವತ್ತೂ ಪದ ಎತ್ತಿಲ್ಲ. ಇವತ್ತೂ ಎತ್ತಕಿಲ್ಲ. ನಮ್ ಬೀದೀಲಿ ಇನ್ಯಾರಾದ್ರೂ ಎತ್ತೋರಿದ್ರೆ ಎತ್ಲಿ, ನಾನ್ ಬ್ಯಾಡ ಅನ್ನಕಿಲ್ಲ. ಮಗೀನ ಒಂದ್ ಮಾತು ಕೇಳಣ್ಣ. ಊರ್ನೆಲ್ಲ ಕೇಳ್ದೆ, ನಿನ್ ಮಗೀನ್ನೇ ಕೇಳ್ಲಿಲ್ವಲ್ಲ ನೀನು."

ಆ ಕಲಾವಿದರು ದೊಡ್ಡವರು. ಕಾಗದ ಬಿಟ್ಟು, ಸಣ್ಣ ದನಿಯಲ್ಲಿ, "ಆಯ್ತವ್ವ. ಕೇಳ್ತೀನಿ," ಎಂದರು. ಅಷ್ಟರಲ್ಲಿ ಮುಕ್ತಾಯದ ಸಂಗೀತ ಬಂದು ಇಬ್ಬರನ್ನೂ ಮುಚ್ಚಿಬಿಟ್ಟಿತು.

ಮೊದಲು ಬಾಯಿ ಬಿಟ್ಟವನು ಟೀ ಅಂಗಡಿಯವನೇ. "ಪದ ಎತ್ತೋರೇ ಇಲ್ಲ ಅಂದ್ರೆ ನಾಳೆ ಶಾಸ್ತ್ರ ಎಂಗ್ ಮಾಡೀರಿ ದೊಡ್ಡಯ್ಯ?" ಯಾರೋ ಕಿಸಕ್ಕನೆ ನಕ್ಕರು. ಅಪ್ಪ ಎದ್ದರು. ಬೀದಿಯುದ್ದಕ್ಕೂ ನಡೆದು ಬಂದು ಅತ್ತೆಯ ಹೊಸ್ತಿಲ ಮುಂದೆ ನಿಂತರು. ಹೊಡೆಯುತ್ತಾರೆ ಎಂದೇ ನಾನು ಗೋಡೆಗೆ ಒರಗಿದೆ. ಹಿಂದೆಯೇ ದೊಡ್ಡಪ್ಪ ಬರುತ್ತಿದ್ದರು.

"ಓದ್ತೀಯಾ ಮಗ?" ಎಂದರು ಅಪ್ಪ.

ಹುಟ್ಟಿದಾಗಿನಿಂದ ಅವರು ನನ್ನನ್ನು ಏನನ್ನೂ ಕೇಳಿದ್ದು ನನಗೆ ನೆನಪಿರಲಿಲ್ಲ. "ಓದ್ತೀನಿ ಕಣಪ್ಪ," ಎಂದೆ. ದನಿ ನನ್ನದೇ ಎಂದು ನನಗೇ ನಂಬಿಕೆ ಬರಲಿಲ್ಲ.

"ರೇಡಿಯೋ ಮಾತ್ ಕೇಳ್ಕಂಡ್ ಸಂಸಾರ ಮಾಡ್ತೀಯೇನ್ಲಾ?" ಎಂದು ದೊಡ್ಡಪ್ಪ ಕೂಗಿದರು.

"ನನ್ ಮಗಳ ಮಾತು ಕೇಳ್ದೆ ಕಣಣ್ಣ," ಎಂದರು ಅಪ್ಪ. ಅಣ್ಣನ ಮುಖ ನೋಡದೆಯೇ ಹೇಳಿದರು. ಆದರೆ ಹೇಳಿದರು.

ಸೋಮವಾರ ನಾನು ಕಾಲೇಜಿಗೆ ಸೇರಿದೆ. ದೊಡ್ಡಪ್ಪ ಒಂದು ವರ್ಷ ನಮ್ಮ ಮನೆಯ ನೀರು ಮುಟ್ಟಲಿಲ್ಲ. ಅತ್ತೆಯನ್ನು ಕೇಂದ್ರದವರು ಮತ್ತೆ ಕರೆಯಲಿಲ್ಲ. ಕಾರ್ಯಕ್ರಮ ಮುಗಿದದ್ದಕ್ಕೋ, ಆ ಮೌನಕ್ಕೋ... ಅವರು ಹೇಳಲಿಲ್ಲ, ನಾನು ಕೆದಕಲಿಲ್ಲ. ನಾನು ಕಾಲೇಜಿನಿಂದ ಬಂದು ಬಸ್ಸಿಳಿಯುವ ಹೊತ್ತಿಗೆ ಅವರು ಹೊಸ್ತಿಲ ಮೇಲೆ ಕೂತು ಫೋನಿನ ಹಾಡಿನ ಕಾರ್ಯಕ್ರಮ ಕೇಳುತ್ತಿರುತ್ತಿದ್ದರು. ಅದನ್ನು ನಡೆಸುತ್ತಿದ್ದ, ಪಟಪಟ ಮಾತಾಡುವ ಹುಡುಗನ ಬಗ್ಗೆ ಅವರಿಗೆ ಸಿಟ್ಟಿರಲಿಲ್ಲ. "ಚೂಟಿ ಅವ್ನೆ. ಆದ್ರೆ ಇವನ್ತಾವ ಯಾರೂ ಗಿಣ್ಣು ಕೇಳ್ಕಂಡ್ ಬರಕಿಲ್ಲ ಕಣವ್ವ," ಎನ್ನುತ್ತಿದ್ದರು.

ಆಮೇಲೆ ಆ ಹುಡುಗನೂ ಹೋದ. ಫೋನಿನ ಹಾಡು ಹೋಗಿ ದಿನದ ಬಹುಪಾಲು ಬೇರೆ ದೊಡ್ಡ ಊರಿನ ಕಾರ್ಯಕ್ರಮವನ್ನೇ ಎತ್ತಿ ಹಾಕತೊಡಗಿದರು. ನಮ್ಮ ನಾಲೆಯ ಮಾತು ನಿಂತಿತು. ಜನ ಎಫ್ಎಂ ಕಡೆಗೆ ಹೋದರು, ಅಲ್ಲಿಂದ ಮೊಬೈಲಿಗೆ. ಒಂದು ದಿನ ಮೀಡಿಯಂ ವೇವನ್ನೇ ನಿಲ್ಲಿಸಿಬಿಟ್ಟರು. ಗೋಪುರವನ್ನು ತುಂಡು ತುಂಡಾಗಿ ಇಳಿಸಿ ಲಾರಿಗೆ ಹೇರಿದ್ದನ್ನು ನಾನು ಬಸ್ಸಿನ ಕಿಟಕಿಯಿಂದ ನೋಡಿದೆ. ಅತ್ತೆ ಅದನ್ನು ನೋಡಲಿಲ್ಲ. ನನಗೆ ತಾಲ್ಲೂಕು ಕಚೇರಿಯಲ್ಲಿ ಕೆಲಸ ಸಿಕ್ಕ ವರ್ಷದ ಮಳೆಗಾಲದಲ್ಲೇ ಅವರು ಹೋಗಿಬಿಟ್ಟಿದ್ದರು. ನೇರ ಪ್ರಸಾರವಾದ್ದರಿಂದ ಒಂದು ಟೇಪೂ ಉಳಿದಿಲ್ಲ. ಅಷ್ಟು ಹಳ್ಳಿಗಳ ಮನೆಯೊಳಗಿದ್ದ ದನಿ ಈಗ ಎಲ್ಲಿಯೂ ಇಲ್ಲ. ನಾನೇ ಕಣ್ಣು ಮುಚ್ಚಿ ಕೇಳಿಸಿಕೊಳ್ಳಲು ನೋಡುತ್ತೇನೆ. ಮಾತು ನೆನಪಾಗುತ್ತದೆ, ದನಿ ಬರುವುದಿಲ್ಲ...

ನಮ್ಮಂಥವರಿಗೆ ಘಟಿಕೋತ್ಸವ, ಗೌನು ಎಲ್ಲ ಗೊತ್ತಿರಲಿಲ್ಲ. ಅಂಕಪಟ್ಟಿಯಲ್ಲೇ ನೌಕರಿ ನಡೆದುಹೋಯಿತು. ಈಗ ಬಡ್ತಿಗೆ ಮೂಲ ಪದವಿ ಪ್ರಮಾಣಪತ್ರ ಬೇಕು ಎಂದರು. ಅರ್ಜಿ ಹಾಕಿ ಕಾದೆ. ಗುಜರಿ ಅಂಗಡಿಗೆ ಹೋಗಿ ಬಂದ ಮಾರನೆಯ ದಿನ, ಬಂದಿದೆ ಎಂದು ಕಾಲೇಜಿನಿಂದ ಫೋನ್ ಬಂತು. ಅವ್ವ ನಾನೂ ಬರುತ್ತೇನೆ ಎಂದು ಹಟ ಹಿಡಿದು ಬಂದರು. ಕೌಂಟರಿನ ಹುಡುಗ ಸಹಿ ಹಾಕಿಸಿಕೊಂಡು, ತಲೆಯೆತ್ತಿ ನೋಡದೆ, ಕಿಂಡಿಯಿಂದ ಹಾಳೆಯನ್ನು ಆಚೆ ತಳ್ಳಿದ. ನಮ್ಮ ಬೀದಿಯ ಮೊದಲ ಡಿಗ್ರಿ ನನ್ನ ಕೈಗೆ ಬಂದದ್ದು ಹೀಗೆ. ಅವ್ವ ಸೆರಗಿನಲ್ಲಿ ಕೈ ಒರೆಸಿಕೊಂಡು ಅದನ್ನು ಇಸಿದುಕೊಂಡರು. ಓದು ಬಾರದ ಕಣ್ಣನ್ನು ಮೇಲಿಂದ ಕೆಳಗಿನವರೆಗೆ ನಿಧಾನವಾಗಿ ಆಡಿಸಿದರು.

"ಊರ್ಗೋದ್ ತಕ್ಷಣ ಮೊದ್ಲು ಎದುರುಮನೆಗೆ ತಕ್ಕಂಡೋಗು," ಎಂದರು.

"ಅಲ್ಲಿ ಯಾರವ್ರೆ ಕಣವ್ವ, ಬೀಗ ಬಿದ್ದದೆ."

"ಯಾರೂ ಇಲ್ಲ ಅಂತ ನನಗ್ಗೊತ್ತಿಲ್ವಾ ಮಗ? ಬಾಗ್ಲಿಗಾದ್ರೂ ತೋರ್ಸ್ಬುಟ್ಟು ಬಾ. ಆಮೇಲೆ ಮನೆಗೆ ಬರುವಂತೆ."