ಭಾನುವಾರದ ಬಿಸಿ ಎಣ್ಣೆ

ಮದುವೆಯಾದ ಹೊಸದರಲ್ಲಿ ನಾವು ಕಾರ್ಕಳದಲ್ಲಿ ನನ್ನ ಗಂಡನ ದೊಡ್ಡಪ್ಪನ ಮನೆಯಲ್ಲಿದ್ದೆವು. ಅದು ಎಪ್ಪತ್ತರ ದಶಕದ ಕೊನೆ. ನಮ್ಮ ಕೋಣೆಗೂ ಪಕ್ಕದ ಕೋಣೆಗೂ ನಡುವೆ ಹಲಗೆಯ ಗೋಡೆ. ಆಚೆ ಯಾರಾದರೂ ಮಗ್ಗುಲು ಬದಲಿಸಿದರೂ ನಮಗೆ ಕೇಳುತ್ತಿತ್ತು. ಹಾಗಾಗಿ ದೀಪವಾರಿಸಿ, ಉಸಿರು ಬಿಗಿಹಿಡಿದು, ಅವಸರದಲ್ಲಿ ಒಬ್ಬರನ್ನೊಬ್ಬರು ಸೇರಿ ದೂರವಾಗುವುದೇ ದಾಂಪತ್ಯವೆಂದು ಇಬ್ಬರೂ ತಿಳಿದಿದ್ದೆವು. ಗಂಡನ ಬೆನ್ನ ಮೇಲೆ ದೊಡ್ಡ ಮಚ್ಚೆಯೊಂದು ಉಂಟೆಂದು ನನಗೆ ಗೊತ್ತೇ ಇರಲಿಲ್ಲ.

ನಾನು ಪ್ರಾಥಮಿಕ ಶಾಲೆಯ ಟೀಚರ್. ಕಾಪುವಿಗೆ ವರ್ಗವಾದಾಗ ಸಮುದ್ರದ ಕಡೆ ಒಂದು ಸಣ್ಣ ಬಾಡಿಗೆ ಮನೆ ಹಿಡಿದೆವು. ಅವರಿಗೆ ಉಡುಪಿಯ ಜವಳಿ ಅಂಗಡಿಯಲ್ಲಿ ಕೆಲಸ, ದಿನವಿಡೀ ನಿಂತೇ ಇರಬೇಕು. ಮನೆಯಲ್ಲಿ ಈಗ ನಾವಿಬ್ಬರೇ. ಆದರೂ ಹಳೆಯ ಅಭ್ಯಾಸ ಬಿಡಲಿಲ್ಲ.

ಆ ಮಳೆಗಾಲ ಬಾವಿಕಟ್ಟೆಯ ಪಾಚಿಯಲ್ಲಿ ಜಾರಿ ಬಿದ್ದು ನನ್ನ ಬಲಗೈ ಮುರಿಯಿತು. ಪ್ಲಾಸ್ಟರ್ ತೆಗೆದ ಮೇಲೆ ನೋಡಿದರೆ ಭುಜ ಹಿಡಿದುಕೊಂಡಿತ್ತು. ಬೋರ್ಡಿನ ಮೇಲೆ ಬರೆಯುವುದಿರಲಿ, ಜಡೆ ಹೆಣೆಯಲೂ ಆಗುತ್ತಿರಲಿಲ್ಲ. ಮಣಿಪಾಲದ ಆಸ್ಪತ್ರೆಗೆ ಹೋದೆವು. ವ್ಯಾಯಾಮ ಕಲಿಸುತ್ತಿದ್ದ ಹೆಂಗಸು, ಬಾಗಿಲ ಹೊರಗೆ ನಿಂತಿದ್ದ ಇವರನ್ನು ಒಳಗೆ ಕರೆದು, ದಿನಾ ಎಣ್ಣೆ ಬಿಸಿ ಮಾಡಿ ನೀವೇ ತಿಕ್ಕಬೇಕು ಎಂದರು. ಇವರು ಹಿಂಜರಿದಾಗ ಇವರ ಕೈ ಹಿಡಿದು ನನ್ನ ಭುಜದ ಮೇಲೆ ಇರಿಸಿದರು. ಹಗಲ ಬೆಳಕಿನಲ್ಲಿ ಗಂಡ ನನ್ನನ್ನು ಮುಟ್ಟಿದ್ದು ಅದೇ ಮೊದಲು. ಇಬ್ಬರೂ ಗೋಡೆ ನೋಡಿದೆವು.

ಮೊದಮೊದಲು ಅವರು ಪಾತ್ರೆ ಬೆಳಗುವವರಂತೆ ತಿಕ್ಕುತ್ತಿದ್ದರು. ಒಂದು ದಿನ ನೋವು ತಡೆಯದೆ, "ಮೆಲ್ಲ, ಸೀರೆ ಮಡಚುವ ಹಾಗೆ," ಎಂದೆ. ಅವರಿಗೆ ತಟ್ಟನೆ ಅರ್ಥವಾಯಿತು. ರೇಷ್ಮೆಯ ಮೇಲೆ ಓಡಾಡಿ ನುಣುಪಾದ ಬೆರಳುಗಳು ಕುತ್ತಿಗೆಯಿಂದ ಭುಜಕ್ಕೆ, ಭುಜದಿಂದ ಮೊಣಕೈಗೆ ನಿಧಾನವಾಗಿ ಇಳಿದವು. ಇಲ್ಲಿ ನೋಯುತ್ತದಾ, ಇಲ್ಲಿ ಹಿತವಾ ಎಂದು ಕೇಳುತ್ತಾ ಹೋದರು. ನನಗೇನು ಹಿತವೆಂದು ಅದುವರೆಗೆ ಯಾರೂ ಕೇಳಿರಲಿಲ್ಲ. ಉತ್ತರ ನನಗೂ ಗೊತ್ತಿರಲಿಲ್ಲ. ಹೇಳುತ್ತಾ ಹೇಳುತ್ತಾ ಕಲಿತೆ.

ಚಳಿಗಾಲ ಮುಗಿಯುವಷ್ಟರಲ್ಲಿ ಕೈ ಸರಿಯಾಯಿತು. ಬೋರ್ಡಿನ ಮೇಲಂಚಿನ ತನಕ ಬರೆದೆ. ಅದರ ಮರುದಿನ ಭಾನುವಾರ. ಮಧ್ಯಾಹ್ನ ಊಟವಾದ ಮೇಲೆ ಒಳಗೆ ಬಂದರೆ, ಅವರು ಚಾಪೆ ಹಾಸಿ, ಕಿಟಕಿಗೆ ನನ್ನ ಹಳೆಯ ಸೀರೆ ಇಳಿಬಿಟ್ಟು, ತೆಂಗಿನೆಣ್ಣೆಯ ಬಟ್ಟಲು ಹಿಡಿದು ಕೂತಿದ್ದರು.

"ಭುಜ ಗುಣವಾಯಿತಲ್ಲ," ಎಂದೆ.

"ಗೊತ್ತುಂಟು," ಎಂದರು. ಬಟ್ಟಲು ಕೆಳಗಿಟ್ಟು, "ನಿನಗೆ ಬೇಡವಾದರೆ ಬೇಡ," ಎಂದರು.

ನಾನು ಬಾಗಿಲಿಗೆ ಚಿಲಕ ಹಾಕಿದೆ.

ಸೀರೆಯಿಂದ ಸೋಸಿ ಬಂದ ಬೆಳಕು ಹಳದಿಯಾಗಿತ್ತು. ರವಿಕೆ ಕಳಚಿ ಬೋರಲಾಗಿ ಮಲಗಿದೆ. ಬೆಚ್ಚಗಿನ ಎಣ್ಣೆ ಬೆನ್ನಹುರಿಯ ಗುಂಟ ಹರಿಯಿತು, ಅದರ ಹಿಂದೆಯೇ ಅವರ ಅಂಗೈ. ಸೊಂಟದ ತಿರುವಿನಲ್ಲಿ ಆ ಕೈ ತಡೆದಾಗ ನಾನೇ ಅದನ್ನು ಹಿಡಿದು ಮುಂದಕ್ಕೆ ಕರೆದೆ. ಯಾವ ಅವಸರವೂ ಇರಲಿಲ್ಲ. ಉಸಿರು ಬಿಗಿಹಿಡಿಯಬೇಕಾಗಿರಲಿಲ್ಲ. ನನ್ನ ದನಿ ನನಗೇ ಕೇಳಿ ನಗು ಬಂತು, ಅವರೂ ನಕ್ಕರು.

ಆಮೇಲೆ ಅವರನ್ನು ಮಲಗಿಸಿದೆ. ಬೆನ್ನಿನ ಮಚ್ಚೆಯನ್ನು ಕಂಡದ್ದು ಆಗಲೇ. ನಿಂತು ನಿಂತು ಗಂಟು ಕಟ್ಟಿದ್ದ ಮೀನಖಂಡಗಳನ್ನು ಎಣ್ಣೆ ಹಚ್ಚಿ ನೀವಿದೆ. ಅವರು ಮುಖವನ್ನು ತೋಳಿನಲ್ಲಿ ಹುದುಗಿಸಿಕೊಂಡರು. ಭುಜಗಳು ನಡುಗುತ್ತಿದ್ದವು. ನೋವಾಯಿತೇ ಎಂದು ಕೇಳಿದೆ. ತಾಯಿ ತೀರಿಕೊಂಡ ಮೇಲೆ ಯಾರೂ ಹೀಗೆ ಮುಟ್ಟಿದ್ದೇ ಇಲ್ಲ ಎಂದರು. ಅವರು ಆರು ವರ್ಷದವರಿದ್ದಾಗಲೇ ತಾಯಿ ಹೋಗಿದ್ದರು.

ಅಂದಿನಿಂದ ಭಾನುವಾರದ ಮಧ್ಯಾಹ್ನಗಳು ನಮ್ಮವಾದವು. ಮಕ್ಕಳಾದ ಮೇಲೆ ಎಷ್ಟೋ ವಾರ ತಪ್ಪಿತು, ಜಗಳವಾಡಿದ ವಾರಗಳೂ ಇದ್ದವು. ಆದರೆ ನಾವು ಮತ್ತೆ ಎಂದೂ ಅಪರಿಚಿತರಾಗಲಿಲ್ಲ. ಮುರಿದ ಕೈಗೆ ಋಣಿಯಾಗಿರುವುದು ವಿಚಿತ್ರ. ನಾನಂತೂ ಋಣಿ.