ಸೂರ್ಯ ಏಳದ ಊರಿನಲ್ಲಿ ಅತ್ತೆಯ ಊಟ

ಇಂದು ಬೆಳಿಗ್ಗೆ ಪೇಪರಿನ ಒಳಗಿನಿಂದ ಬಣ್ಣದ ಕರಪತ್ರವೊಂದು ಜಾರಿ ಬಿತ್ತು. ವಿದೇಶ ಪ್ರವಾಸ, ಶುದ್ಧ ಜೈನ ಊಟದ ಖಾತರಿ. ಓದಿ ನಾನೊಬ್ಬನೇ ನಕ್ಕೆ. ಖಾತರಿ ಕೊಡುವವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಊಟಕ್ಕೆ ಜವಾಬ್ದಾರರು, ಸೂರ್ಯನಿಗೆ ಅಲ್ಲವಲ್ಲ. ಹೀಗೆಂದರೆ ನಿಮಗೆ ಅರ್ಥವಾಗಲಿಕ್ಕಿಲ್ಲ. ಸ್ವಲ್ಪ ಕೂತುಕೊಳ್ಳಿ, ಹೇಳುತ್ತೇನೆ.

ವಿಮಲತ್ತೆ ನನ್ನ ಅಪ್ಪನ ತಂಗಿ, ಮೂಡುಬಿದಿರೆಯ ನಮ್ಮ ಮನೆಯಲ್ಲೇ ಇರುವವರು. ಸೂರ್ಯ ಮುಳುಗಿದ ಮೇಲೆ ಅವರು ಏನನ್ನೂ ತಿನ್ನುವುದಿಲ್ಲ. ಮಾವ ತೀರಿಕೊಂಡ ವರ್ಷ ಹಿಡಿದ ವ್ರತ, ಒಮ್ಮೆಯೂ ತಪ್ಪಿಲ್ಲ. ಜೊತೆಗೆ ಸಕ್ಕರೆ ಕಾಯಿಲೆ ಬೇರೆ. ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಕೈ ನಡುಗುತ್ತದೆ. ಇಂಥವರಿಗೆ ನಾರ್ವೆಯ ಆಕಾಶದಲ್ಲಿ ಕುಣಿಯುವ ಹಸಿರು ಬೆಳಕನ್ನು ನೋಡುವ ಹುಚ್ಚು ಹಿಡಿಯಿತು, ವಾಟ್ಸಾಪಿನ ಕೃಪೆ. ನಾವು ಟೂರಿನವನನ್ನು ಪೊಲೀಸರ ಹಾಗೆ ವಿಚಾರಿಸಿದೆವು. ಬಟಾಟೆ ಇರಬಾರದು, ಬೆಳ್ಳುಳ್ಳಿ ಇರಬಾರದು, ಮೊಟ್ಟೆಗೆ ತಾಗಿದ ಸೌಟು ಇರಬಾರದು. ಅವನು ಎಲ್ಲದಕ್ಕೂ ತಲೆಯಾಡಿಸಿದ. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಏಳುತ್ತಾನೋ ಎಂದು ಕೇಳಲು ಮಾತ್ರ ನಮಗೆ ಯಾರಿಗೂ ಹೊಳೆಯಲಿಲ್ಲ. ಸೂರ್ಯನ ಬಗ್ಗೆ ಯಾರಾದರೂ ವಿಚಾರಿಸುತ್ತಾರೆಯೇ?

ಏಳಲಿಲ್ಲ. ಇಂಗ್ರಿಡ್ ಎಂಬ ಅಜ್ಜಿಯ ಮನೆಯಲ್ಲಿ ನಮ್ಮ ವಾಸ್ತವ್ಯ. ಮೊದಲ ಬೆಳಿಗ್ಗೆ ಅತ್ತೆ ಸ್ನಾನ, ಜಪ ಮುಗಿಸಿ, ಅವಲಕ್ಕಿ ಡಬ್ಬ ಮಡಿಲಲ್ಲಿಟ್ಟುಕೊಂಡು ಕಿಟಕಿಯ ಬಳಿ ಕೂತರು. ಎಂಟಾಯಿತು, ಹತ್ತಾಯಿತು. ಹೊರಗೆ ಕತ್ತಲೆ.

"ಇಲ್ಲಿ ಸೂರ್ಯ ಯಾವಾಗ ಬರುವುದು ಮಗ?"

"ಜನವರಿಯಲ್ಲಂತೆ ಅತ್ತೆ."

ಗಾಬರಿಯಿಂದ ನಮ್ಮ ಬಸದಿಯಲ್ಲಿ ಪೂಜೆ ಮಾಡುವ ಇಂದ್ರರಿಗೆ ಫೋನ್ ಹಚ್ಚಿದೆ. "ಸೂರ್ಯ ಇಲ್ಲದ ಊರಿಗೆ ಯಾಕೆ ಹೋದದ್ದು ಮಾರಾಯ್ರೆ? ಇಲ್ಲಿ ಬೇಕಾದಷ್ಟು ಬಿಸಿಲು ಉಂಟು. ಇಲ್ಲಿಯ ಲೆಕ್ಕದಲ್ಲೇ ತಿನ್ಲಿಕ್ಕೆ ಹೇಳಿ" ಎಂದರು ಅವರು.

ಅತ್ತೆ ಒಪ್ಪಲಿಲ್ಲ. "ಬಿಸಿಲು ಮೂಡುಬಿದಿರೆಯಲ್ಲಿ, ಹೊಟ್ಟೆ ಇಲ್ಲಿ. ಅದು ಆಗುವ ಮಾತಾ?"

ಮಧ್ಯಾಹ್ನವಾಗುತ್ತ ಬಂದಿತ್ತು, ಅವರ ಕೈ ನಡುಗಲು ಸುರುವಾಗಿತ್ತು. ನನಗೆ ನಿಜವಾಗಿ ಹೆದರಿಕೆಯಾಯಿತು. ಆಸ್ಪತ್ರೆ ಎಲ್ಲಿದೆಯೆಂದು ಕೇಳಲು ಇಂಗ್ರಿಡ್ ಅಜ್ಜಿಯನ್ನು ಹುಡುಕಿದರೆ, ಅವರು ದಪ್ಪ ಕೋಟು, ಕಪ್ಪು ಕನ್ನಡಕ ಹಾಕಿಕೊಂಡು, ಹಿಮದ ಮೇಲೆ ಕುರ್ಚಿ ಇಟ್ಟು, ಎದುರಿನ ಗುಡ್ಡಕ್ಕೆ ಮುಖ ಮಾಡಿ ಬಿಸಿಲು ಕಾಯಿಸುತ್ತ ಕೂತಿದ್ದರು. ಬಿಸಿಲಿರಲಿಲ್ಲ ಎಂಬುದನ್ನು ಮತ್ತೆ ಹೇಳಬೇಕಾಗಿಲ್ಲ. ಕೈಯಲ್ಲಿ ಬ್ರೆಡ್ಡು, ಕಾಫಿ.

ನಾನು ಆಸ್ಪತ್ರೆ ಮರೆತು, ಇದೇನೆಂದು ಇಂಗ್ಲಿಷಿನಲ್ಲಿ ಕೇಳಿಬಿಟ್ಟೆ.

"ಸೂರ್ಯ ಆ ಗುಡ್ಡದ ಹಿಂದೆ ಇದ್ದಾನೆ. ನನ್ನ ಗಂಡ ಮೀನು ಹಿಡಿಯಲು ಹೋಗಿ ವಾಪಸು ಬಾರದ ಚಳಿಗಾಲದಲ್ಲೂ ನಾನು ಮಧ್ಯಾಹ್ನ ಇಲ್ಲೇ ಕೂತು ತಿಂದಿದ್ದೇನೆ. ಸೂರ್ಯ ಬರುವವರೆಗೆ ಹಸಿದು ಕೂತರೆ, ಬಂದಾಗ ನೋಡಲು ಯಾರು ಇರುತ್ತಾರೆ?"

ಅತ್ತೆಗೆ ಅದನ್ನು ತುಳುವಿನಲ್ಲಿ ಹೇಳಿದೆ. ಅವರು ನನ್ನ ಮಂಕಿ ಕ್ಯಾಪು ಕಿತ್ತು ತಲೆಗೇರಿಸಿಕೊಂಡು, ಇನ್ನೊಂದು ಕುರ್ಚಿ ಎಳೆದುಕೊಂಡು ಹೊರಗೆ ಹೋಗಿ ಅಜ್ಜಿಯ ಪಕ್ಕ ಕೂತರು. ಗುಡ್ಡದ ಮೇಲೆ ಆಕಾಶ ಅಷ್ಟಿಷ್ಟು ನೀಲಿಯಾಗಿತ್ತು. ಅತ್ತೆ ಕೈಗವಸು ತೆಗೆದು ಅಂಗೈಯನ್ನು ಕಣ್ಣ ಹತ್ತಿರ ಹಿಡಿದರು.

"ನಾನು ಸಣ್ಣವಳಿದ್ದಾಗ ನಾರಾವಿಯಲ್ಲಿ ಆಟಿ ತಿಂಗಳ ಮಳೆಗೆ ಸೂರ್ಯನ ಮುಖ ಕಂಡವರು ಯಾರು? ಅಂಗೈಯ ಗೆರೆ ಕಂಡರೆ ಬೆಳಗಾಯಿತು ಅಂತ ಅಮ್ಮ ಒಲೆ ಹಚ್ಚುತ್ತಿದ್ದದ್ದು. ಗೆರೆ ಕಾಣ್ತದೆ. ಡಬ್ಬ ತಾ."

ಹೀಗೆ ನಾವಿದ್ದಷ್ಟು ದಿನವೂ ಇಬ್ಬರು ಹೆಂಗಸರು ಹಿಮದಲ್ಲಿ ಕೂತು ಕಾಣದ ಸೂರ್ಯನೆದುರು ಉಂಡರು. ಇಂಗ್ರಿಡ್ ಅಜ್ಜಿ ನಮ್ಮ ಮಿಡಿ ಉಪ್ಪಿನಕಾಯಿ ಕಚ್ಚಿ ಕಪ್ಪು ಕನ್ನಡಕದೊಳಗೇ ಅತ್ತರು. ಅತ್ತೆ ತುಳುವಿನಲ್ಲಿ, ಅಜ್ಜಿ ತಮ್ಮ ಭಾಷೆಯಲ್ಲಿ ಹರಟಿದರು. ದುಭಾಷಿಯಾದ ನನ್ನನ್ನು ಯಾರೂ ಕರೆಯಲಿಲ್ಲ. ಹಸಿರು ಬೆಳಕು ಕಂಡಿತೋ ಎಂದು ಕೇಳುತ್ತೀರಾ? ಕಂಡಿತು. ವಾಟ್ಸಾಪಿನಲ್ಲೇ ಚೆನ್ನಾಗಿತ್ತು ಎಂದರು ಅತ್ತೆ.

ಆಗಿನಿಂದ ಪ್ರತಿ ಚಳಿಗಾಲ ದಿನವೂ ಇಂಗ್ರಿಡ್ ಅಜ್ಜಿ ಅಲ್ಲಿಯ ಮಧ್ಯಾಹ್ನ, ನಮ್ಮ ಸಂಜೆಗೆ, ವಿಡಿಯೋ ಕರೆ ಮಾಡುತ್ತಾರೆ. ಇಬ್ಬರೂ ಒಟ್ಟಿಗೆ ಉಣ್ಣುತ್ತಾರೆ. ಅವರು ಒಂಟಿಯಾಗಿ ತಿನ್ನಬಾರದೆಂದು ಅತ್ತೆಯ ಹಟ. ನಾನು ಇದನ್ನು ಅಂತಾರಾಷ್ಟ್ರೀಯ ಭೋಜನಕೂಟವೆಂದು ತಮಾಷೆ ಮಾಡುತ್ತಿದ್ದೆ.

ಇಂದು ಸಂಜೆ ಕರೆ ಬರಲಿಲ್ಲ. ನಾವು ಮಾಡಿದರೆ ಎತ್ತುವವರಿಲ್ಲ. ಅತ್ತೆ ಬಟ್ಟಲ ಮುಂದೆ ಫೋನಿಟ್ಟುಕೊಂಡು ಕೂತೇ ಇದ್ದರು. ಬಿಸಿಲು ಅಂಗಳದಿಂದ ಗೋಡೆಗೆ, ಗೋಡೆಯಿಂದ ಮಾಡಿಗೆ ಏರಿತು.

"ತಿನ್ನಿ ಅತ್ತೆ. ಗುಳಿಗೆ ತಗೊಂಡಾಗಿದೆ, ತಲೆ ತಿರುಗ್ತದೆ."

"ಅವಳು ಉಂಡಳೋ ಇಲ್ಲವೋ" ಎಂದರು, ಅಷ್ಟೇ. ಬಟ್ಟಲು ಮುಟ್ಟಲಿಲ್ಲ.

ಇನ್ನೇನು ಹೊತ್ತು ಕಂತಿತು ಎನ್ನುವಾಗ ಫೋನ್ ಹೊಡೆದುಕೊಂಡಿತು. ಆಸ್ಪತ್ರೆಯ ಮಂಚ, ಕೈಗೆ ಪ್ಲಾಸ್ಟರು, ಮುಖದ ಮೇಲೆ ಅದೇ ಕಪ್ಪು ಕನ್ನಡಕ. ಕುರ್ಚಿ ತೆಗೆದುಕೊಂಡು ಹೊರಗೆ ಬರುವಾಗ ಹಿಮದಲ್ಲಿ ಜಾರಿದರಂತೆ. ಇನ್ನೊಂದು ಕೈಯಲ್ಲಿ ಬ್ರೆಡ್ಡು ಎತ್ತಿ ತೋರಿಸಿದರು. ಅತ್ತೆ ಬಾಯಿತುಂಬ ಬೈಯುತ್ತ, ಕಣ್ಣೊರೆಸುತ್ತ, ಗಬಗಬನೆ ತುತ್ತು ಕಲಸಿದರು.

ದೇವರು ದಿಂಡರು ಎಂದರೆ ನಗುವ ನಾನು ಟೆರೇಸಿಗೆ ಓಡಿದೆ. ಸೂರ್ಯ ಅರ್ಧ ಹೋಗಿದ್ದ. ಪಕ್ಕದ ಮನೆಯವರು ನೋಡುತ್ತಿದ್ದರೂ ಲೆಕ್ಕಿಸದೆ ಎರಡೂ ಕೈ ಮುಗಿದು ಕೂಗಿ ಹೇಳಿದೆ: "ಸ್ವಲ್ಪ ನಿಲ್ಲು ಮಾರಾಯ, ಅವರು ಉಣ್ತಾ ಇದ್ದಾರೆ."