ಪಾಳುಬಾವಿಯ ಸೀಸೆ

ಪಕ್ಕದ ಮನೆಯ ಅಂಕಲ್ ಮಗ್ಗ ಬಿಟ್ಟ ಮೇಲೆ ಹಳೇ ಗಾಜಿನ ಸೀಸೆ ಹುಡುಕುವ ಹುಚ್ಚು ಹತ್ತಿಸಿಕೊಂಡರು. ಯಾವುದೇ ಸಿಗಲಿ, ಕನ್ನಡಕ ಹಣೆಗೇರಿಸಿ ತಲೆಕೆಳಗು ಹಿಡಿದು, "ಮೊದ್ಲು ತಳ ನೋಡ್ಬೇಕು ಕಣೋ, ಹುಟ್ಟಿದ್ ವರ್ಷ ಅಲ್ಲಿರ್ತದೆ" ಎನ್ನುವರು. ಅವರ ಮೂಗುದನಿಯನ್ನು ಅಣಕಿಸಿ ಬೀದಿಯನ್ನು ನಗಿಸುವುದು ಬಿಟ್ಟರೆ ನನಗೆ ಬೇರೆ ವಿದ್ಯೆ ಬರುತ್ತಿರಲಿಲ್ಲ.

"ನನ್ನ ವರ್ಷಾನೂ ಹೇಳಿ ಅಂಕಲ್."

"ನೀನು ಡೂಪ್ಲಿಕೇಟು, ಹೋಗೋ."

ಹೋದ ವರ್ಷ ಅವರ ಹಿತ್ತಲಿನ ಪಾಳುಬಾವಿಯ ಹೂಳೆತ್ತಿಸಿದಾಗ, ಮೈತುಂಬ ಉಬ್ಬುಗೆರೆಗಳಿದ್ದ ಕಂದು ಸೀಸೆಯೊಂದು ಬಂತು. ವಿಷದ ಸೀಸೆ ಕತ್ತಲಲ್ಲೂ ಕೈಗೆ ಗೊತ್ತಾಗಲೆಂದು ಹಾಗೆ ಗೆರೆ ಹಾಕುತ್ತಿದ್ದರೆಂದು ನನಗೆ ಕಲಿಸಿದವರು ಅವರೇ. ತಳದ ಕೆಸರು ಒರೆಸಿ ಅಂಕಿ ಓದಿದರು. ಇನ್ನೊಮ್ಮೆ ಒರೆಸಿ, ಮತ್ತೆ ಓದಿದರು.

"ಟಿಪ್ಪು ಕಾಲದ್ದಾ ಅಂಕಲ್?" ಎಂದೆ, ಅವರದೇ ದನಿಯಲ್ಲಿ.

"ನಮ್ಮಕ್ಕ ಈ ಬಾವಿಗೆ ಬಿದ್ದ ವರ್ಷದ್ದು."

ಆ ಅಕ್ಕ ನೀರು ಸೇದುವಾಗ ಕಾಲು ಜಾರಿ ಸತ್ತಳೆಂದೇ ಅವರ ತಾಯಿ ಇಷ್ಟು ಕಾಲ ಹೇಳಿಕೊಂಡು ಬಂದಿದ್ದರು. ತೊಂಬತ್ತು ದಾಟಿದ, ಕಣ್ಣು ಕಾಣದ ಆ ತಾಯಿ ಒಳಗಿನಿಂದಲೇ ಕೂಗಿದರು.

"ಏನ್ ಸಿಕ್ತು ಮಗಾ?"

ಅಂಕಲ್ ಸೀಸೆಯನ್ನು ಟವೆಲ್ಲಿನಲ್ಲಿ ಸುತ್ತಿದರು. "ಏನಿಲ್ಲಮ್ಮ, ಯಾವ್ದೋ ಕೆಮ್ಮಿನ ಔಷಧಿ ಸೀಸೆ."

ತಾಯಿ ಗೋಡೆ ತಡವುತ್ತ ಬಾಗಿಲಿಗೆ ಬಂದರು.

"ಮೈಮೇಲೆ ಗೆರೆ ಗೆರೆ ಇರೋದಾ?"